ನೆರೆ ಇಳಿದ ಮೇಲೆ, ಬಾವಿಗೆ ಪುಡಿ ಹಾಕುವ ಮುನ್ನ

ನೆರೆ ಇಳಿದ ಊರಿಗೆ ಮೊದಲು ಬರುವುದು ಬ್ಲೀಚಿಂಗ್ ಪುಡಿ. ಪಂಚಾಯಿತಿಯವರು ಚೀಲ ಇಳಿಸಿ ಹೋಗುತ್ತಾರೆ, ಆಶಾ ಕಾರ್ಯಕರ್ತೆ ಮನೆಮನೆಗೆ ಪೊಟ್ಟಣ ಹಂಚುತ್ತಾರೆ, ಮನೆಯ ಯಜಮಾನರು ಬಾವಿಕಟ್ಟೆಯ ಪಕ್ಕ ನಿಂತು ಒಂದು ಬೊಗಸೆ ಎರಚುತ್ತಾರೆ. ನೀರಿನ ಮೇಲೆ ಬಿಳಿ ಪದರ ತೇಲುತ್ತದೆ, ಘಾಟು ಮೂಗಿಗೆ ಬಡಿಯುತ್ತದೆ, ಬಾವಿ ಶುದ್ಧವಾಯಿತೆಂದು ಎಲ್ಲರಿಗೂ ಸಮಾಧಾನ. ಕೆಂಪು ಬಗ್ಗಡದ ನೀರಿನ ಮೇಲೆ ಹಾಗೆ ಎರಚಿದ ಪುಡಿಯಿಂದ ಆಗುವ ಪ್ರಯೋಜನ ಮಾತ್ರ ಅತಿ ಕಡಿಮೆ.

ಕ್ಲೋರಿನ್ ಬೇಡವೆಂದು ಯಾರೂ ತಿಳಿಯಬಾರದು. ಅಳತೆ ನೋಡಿ ಹಾಕಿದರೆ ಅಷ್ಟು ಅಗ್ಗದ, ಅಷ್ಟು ನೆಚ್ಚಬಹುದಾದ ಕ್ರಿಮಿನಾಶಕ ಇನ್ನೊಂದು ಹಳ್ಳಿಯವರ ಕೈಗೆ ಸಿಗುವುದಿಲ್ಲ. ಆದರೆ ಅದರ ಸರದಿ ಕೊನೆಯದು. ಅಂಗಳದ ರಾಡಿ, ಕೊಟ್ಟಿಗೆಯ ಕೊಳೆ, ಉರುಳಿದ ಮರ, ತುಂಬಿ ಉಕ್ಕಿದ ಶೌಚಗುಂಡಿ ಎಲ್ಲವೂ ಇದ್ದಲ್ಲೇ ಇದ್ದು ಬಾವಿಗೆ ಮಾತ್ರ ಪುಡಿ ಬಿದ್ದರೆ, ಮುಂದಿನ ಮಳೆಗೆ ಅದೆಲ್ಲ ಮತ್ತೆ ಬಾವಿಗೇ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಕಾರವಾರ, ಅಂಕೋಲಾ ಕಡೆ ಮುಂದಿನ ಮಳೆ ಎಂದರೆ ಹೆಚ್ಚಾಗಿ ಅದೇ ದಿನದ ಸಂಜೆ. ಹಾಗಾಗಿ ಅಂಗಳ ಬೇರೆ, ಬಾವಿ ಬೇರೆ ಎಂದು ನೋಡದೆ ಎರಡನ್ನೂ ಒಂದೇ ಕೆಲಸವಾಗಿ ನೋಡಬೇಕಾಗುತ್ತದೆ.

ಬಂದದ್ದು ಯಾವ ನೀರು?

ಉತ್ತರ ಕನ್ನಡದ ಕರಾವಳಿಗೆ ಬರುವ ನೆರೆ ಒಂದೇ ಬಗೆಯದಲ್ಲ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳಿವೆ. ಘಟ್ಟದ ಮೇಲೆ ಮಳೆ ಮಿತಿಮೀರಿ ಕದ್ರಾದ ಗೇಟು ತೆರೆದರೆ ಮಲ್ಲಾಪುರ, ಕೆರವಡಿ, ಕಿನ್ನರದ ಕಡೆಯ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಆದದ್ದು ಅದೇ. ಆ ನೀರು ತೋಟ, ಮನೆ, ಕೊಟ್ಟಿಗೆ, ಶೌಚಾಲಯಗಳನ್ನೆಲ್ಲ ಒಂದೇ ಕೆರೆಯಂತೆ ತುಂಬಿ ನಿಂತು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ನಿಂತಷ್ಟು ಹೊತ್ತೂ ಗುಂಡಿಯ ಹೊಲಸು ಬಾವಿಗೆ ಸೇರುತ್ತಲೇ ಇರುತ್ತದೆ.

ಗಂಗಾವಳಿಯ ರೀತಿ ಬೇರೆ. ಅದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮೇಲೆ ಬೇಡ್ತಿ ಎನ್ನಿಸಿಕೊಂಡು ಹರಿಯುವ ಇದೇ ನದಿ 2021ರ ಜುಲೈನಲ್ಲಿ ಯಲ್ಲಾಪುರದ ಗುಳ್ಳಾಪುರ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಈ ನೀರಿನ ಜೊತೆ ಬರುವುದು ಗುಡ್ಡದ ಮಣ್ಣು, ಬುಡಸಮೇತ ಕಿತ್ತ ಮರ, ಕಲ್ಲು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಹೊಡೆದು ಹಾಕಿತು. ಗ್ಯಾಸ್ ಟ್ಯಾಂಕರ್ ಒಂದು ನದಿಪಾಲಾಯಿತು. ಇಂಥ ಕಡೆ ಬಾವಿಯ ಮೊದಲ ಸಮಸ್ಯೆ ಹೂಳು, ಆಮೇಲಿನದು ಎಣ್ಣೆ ಮತ್ತು ರಾಸಾಯನಿಕ.

ಮೂರನೆಯದು ಅಳಿವೆ ಬಾಯಿಯ ನೀರು. ಭರತದ ಹೊತ್ತಿಗೆ ಸಮುದ್ರ ಏರಿದರೆ ನದಿಯ ನೀರಿಗೆ ಹೊರದಾರಿ ಸಿಗದೆ ಹಿಂದಕ್ಕೆ ಒತ್ತರಿಸುತ್ತದೆ, ಗಜನಿ ಭೂಮಿಯ (ಅಳಿವೆ ಬದಿಯ ತಗ್ಗು ಗದ್ದೆಗಳ) ಒಡ್ಡು ಒಡೆದರೆ ಉಪ್ಪುನೀರು ಹಿತ್ತಿಲಿಗೇ ಬರುತ್ತದೆ. ಚಂಡಮಾರುತದ ಅಲೆಗೂ ಇದೇ ಫಲ. 2021ರ ಮೇ ತಿಂಗಳ ತೌಕ್ತೆಯ ವೇಳೆ ತೀರದ ಮನೆಗಳಿಗೆ ಸಮುದ್ರದ ನೀರು ಹೊಕ್ಕಿತ್ತು. ಇಲ್ಲಿ ಬಾವಿಗೆ ಬಿದ್ದದ್ದು ಉಪ್ಪು.

ಹೊಲಸು, ಹೂಳು, ಉಪ್ಪು ಇವುಗಳಲ್ಲಿ ನಿಮ್ಮ ಬಾವಿಗೆ ಯಾವುದು ಹೆಚ್ಚು ಬಂತು ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಹೂಳು ತುಂಬಿದ ಬಾವಿಗೆ ಸರಿಯಾದ ಉಪಾಯ ಉಪ್ಪಾದ ಬಾವಿಯನ್ನು ಕೆಡಿಸಬಹುದು.

ಮುಳುಗದ ಬಾವಿಯೂ ಕೆಡುತ್ತದೆ

‘ನಮ್ಮ ಬಾವಿಕಟ್ಟೆಯ ಮೇಲೆ ನೀರು ಹತ್ತಲಿಲ್ಲ’ ಎಂದು ನಿಶ್ಚಿಂತೆಯಿಂದ ಇರುವವರು ಬಹಳ. ನಮ್ಮ ಕಡೆಯ ನೆಲ ಗೊತ್ತಿದ್ದವರು ಹಾಗೆ ಇರಲಾರರು. ಚಿರೇಕಲ್ಲನ್ನು (ಜಂಬಿಟ್ಟಿಗೆ ಕಲ್ಲನ್ನು) ಕಡಿದು ಅಡ್ಡಕ್ಕೆ ನೋಡಿದರೆ ಹುಳು ಕೊರೆದ ಮರದ ಹಾಗೆ ತೂತುಗಳು ಕಾಣುತ್ತವೆ. ಕೆಲವು ಬೆರಳು ತೂರುವಷ್ಟು ದೊಡ್ಡವು, ಒಂದಕ್ಕೊಂದು ಕೂಡಿಕೊಂಡವು. ಮರಳಿನಲ್ಲಿ ಇಳಿಯುವ ನೀರು ಕಣಕಣದ ನಡುವೆ ನುಸುಳುತ್ತ ಸೋಸಿಕೊಳ್ಳುತ್ತದೆ. ಚಿರೇಕಲ್ಲಿನಲ್ಲಿ ಆ ಸೋಸುವಿಕೆ ಕಡಿಮೆ, ನೀರು ಕೊಳವೆಯಲ್ಲಿ ಹರಿದಂತೆ ಹರಿದುಬಿಡುತ್ತದೆ. ಮಳೆ ಸುರಿದ ಕೆಲವೇ ಗಂಟೆಗಳಲ್ಲಿ ಬಾವಿಯ ನೀರು ಕೆಂಪಾಗುವುದು ಈ ಕಾರಣಕ್ಕೆ.

ಇದರ ಮೇಲೆ ಅಂತರ್ಜಲದ ಏರಿಳಿತ. ಮೇ ತಿಂಗಳಲ್ಲಿ ಹಗ್ಗ ಪೂರ್ತಿ ಬಿಟ್ಟರೂ ಕೊಡ ಅರ್ಧ ತುಂಬುವ ಬಾವಿಯಲ್ಲೇ ಜುಲೈನಲ್ಲಿ ಬಗ್ಗಿ ಕೈಯಿಂದ ನೀರು ಮೊಗೆಯಬಹುದು. ಅಂದರೆ ಅಂಗಳದ ಇನ್ನೊಂದು ಮೂಲೆಯಲ್ಲಿರುವ ಶೌಚಗುಂಡಿಯ ತಳವೂ ಆಗ ಅದೇ ನೀರಿನೊಳಗೆ ಮುಳುಗಿರುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರ ಇರಲಿ ಎಂಬುದು ಆರೋಗ್ಯಶಾಸ್ತ್ರದ ರೂಢಿಯ ಮಾತು. ನಾಲ್ಕೈದು ಗುಂಟೆ ಜಾಗದಲ್ಲಿ ಮನೆ, ಬಾವಿ, ಕೊಟ್ಟಿಗೆ, ಶೌಚಾಲಯ ಎಲ್ಲ ಕಟ್ಟಿಕೊಂಡ ತೀರದ ಊರುಗಳಲ್ಲಿ ಅಷ್ಟು ಜಾಗ ಎಲ್ಲಿಂದ ತರಬೇಕು? ಪಕ್ಕದ ಮನೆಯವರ ಗುಂಡಿ ನಮ್ಮ ಬಾವಿಗೆ ಇನ್ನೂ ಹತ್ತಿರವಿರುತ್ತದೆ ಎಂಬುದನ್ನಂತೂ ಯಾರೂ ಅಳೆಯುವುದಿಲ್ಲ.

ಆದ್ದರಿಂದ ಕೇರಿಯಲ್ಲಿ ನೆರೆ ಬಂದಿದ್ದರೆ, ನಿಮ್ಮ ಬಾವಿಯ ನೀರಿನ ಬಣ್ಣವೋ ವಾಸನೆಯೋ ರುಚಿಯೋ ಬದಲಾಗಿದ್ದರೆ, ಕಟ್ಟೆ ಮುಳುಗಿರಲಿ ಬಿಡಲಿ, ಅದನ್ನು ಕೆಟ್ಟ ಬಾವಿ ಎಂದೇ ಎಣಿಸಿ.

ಮನೆಯೊಳಗೆ ಕಾಲಿಡುವಾಗ

ವಿದ್ಯುತ್ತಿನ ಮಾತು ಮೊದಲು. ಒದ್ದೆ ಗೋಡೆಯ ಮೇನ್ ಸ್ವಿಚ್ಚನ್ನು ನೀರಿನಲ್ಲಿ ನಿಂತು ಮುಟ್ಟಬಾರದು, ನೀರು ಹೊಕ್ಕ ಪಂಪ್‌ಸೆಟ್ಟನ್ನು ಒಣಗಿಸಿ ಪರೀಕ್ಷಿಸದೆ ಚಾಲೂ ಮಾಡಬಾರದು. ಉರುಳಿದ ತೆಂಗಿನ ಮರದ ಅಡಿಯಲ್ಲಿ ತಂತಿ ಸಿಕ್ಕಿಕೊಂಡಿದ್ದರೆ ಹೆಸ್ಕಾಂ ಲೈನ್‌ಮನ್ ಬರುವವರೆಗೂ ಆ ಮರಕ್ಕೆ ಕತ್ತಿ ತಾಗಿಸಬಾರದು.

ಎರಡನೆಯದು ಫೋಟೊ. ಗೋಡೆಯ ಮೇಲೆ ನೀರು ನಿಂತ ಗುರುತು, ಬಿದ್ದ ಮಾಡು, ಬಾವಿಯ ಸ್ಥಿತಿ, ಕೊಚ್ಚಿಹೋದ ತೋಟ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಆಮೇಲೆ ಗುದ್ದಲಿ ಹಿಡಿಯಿರಿ. ಗ್ರಾಮ ಆಡಳಿತಾಧಿಕಾರಿ ಪಂಚನಾಮೆಗೆ ಬರುವ ಹೊತ್ತಿಗೆ ಅಂಗಳ ಗುಡಿಸಿ ಸಾರಿಸಿಟ್ಟಿದ್ದರೆ ಪರಿಹಾರದ ಕಡತಕ್ಕೆ ತೋರಿಸಲು ಏನೂ ಉಳಿದಿರುವುದಿಲ್ಲ. ಅಚ್ಚುಕಟ್ಟಿನ ಮನೆಯವರೇ ಇದರಲ್ಲಿ ಹೆಚ್ಚು ಸೋಲುತ್ತಾರೆ.

ಹಾವು ಮೂರನೆಯದು. ನೆರೆಯಲ್ಲಿ ನೆಲೆ ತಪ್ಪಿದ ಹಾವುಗಳು ಹಂಚಿನ ರಾಶಿ, ತಗಡಿನ ಅಡಿ, ಸೋಗೆಯ ಕಂತೆಗಳಲ್ಲಿ ಸೇರಿಕೊಂಡಿರುತ್ತವೆ. ಕೊಳಕುಮಂಡಲ ಕದಲದೆ ಬಿದ್ದಿರುತ್ತದೆ, ಒಣಗಿದ ಎಲೆಯ ಬಣ್ಣದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ರಾಶಿಯನ್ನು ಮೊದಲು ಉದ್ದ ಕೋಲಿನಿಂದ ಸರಿಸಿ. ಕೈ ಹಾಕುವುದು ಆಮೇಲೆ. ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ, ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿ.

ಕಸದ ರಾಶಿ ಎಲ್ಲಿಗೆ?

ಬಾವಿಯ ಭವಿಷ್ಯ ನಿರ್ಧಾರವಾಗುವುದು ಇಲ್ಲಿ. ನೆರೆ ಇಳಿದ ಅಂಗಳದಲ್ಲಿ ಹಸಿ ಮಣ್ಣು, ಮುರಿದ ಜಂತಿ, ಒಡೆದ ಹಂಚು, ಪ್ಲಾಸ್ಟಿಕ್, ಮೀನುಬಲೆಯ ತುಂಡು, ಥರ್ಮೊಕೋಲ್ ಪೆಟ್ಟಿಗೆ, ಒದ್ದೆ ಅಕ್ಕಿಚೀಲ, ಹಾಸಿಗೆ ಎಲ್ಲ ಕಲಸಿಕೊಂಡಿರುತ್ತವೆ. ದಣಿದ ಮನುಷ್ಯ ಎಲ್ಲವನ್ನೂ ಹತ್ತಿರದ ತಗ್ಗಿಗೆ ನೂಕಿಬಿಡುತ್ತಾನೆ, ಮತ್ತು ಆ ತಗ್ಗು ಎಷ್ಟೋ ಸಲ ಹಿತ್ತಿಲಿನ ಹಾಳುಬಾವಿಯೇ ಆಗಿರುತ್ತದೆ. ಬಳಸದ ಬಾವಿಗೆ ಕಸ ತುಂಬುವುದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿಲ್ಲ. ಹಾಳುಬಾವಿಯೂ ಕುಡಿಯುವ ಬಾವಿಯೂ ಕುಡಿಯುವುದು ಒಂದೇ ಒರತೆಯನ್ನು. ಅಲ್ಲಿ ಕೊಳೆತದ್ದು ಚಿರೇಕಲ್ಲಿನ ತೂತುಗಳಲ್ಲಿ ಸಾಗಿ ಇಲ್ಲಿಗೆ ಬರಲು ಬಹಳ ದಿನ ಬೇಡ.

ರಾಶಿ ಹಾಕಲು ಬಾವಿಗಿಂತ ಕೆಳಗಿನ ಇಳಿಜಾರಿನ, ಸಾಧ್ಯವಾದಷ್ಟು ದೂರದ, ನೀರು ನಿಲ್ಲದ ಜಾಗ ಹುಡುಕಬೇಕು. ಮಣ್ಣನ್ನು ಹಸಿಯಿರುವಾಗಲೇ ಎತ್ತುವುದು ಸುಲಭ. ಒಣಗಿದ ಮೇಲೆ ಅದು ಗಾರೆಯಂತೆ ಕಚ್ಚಿಕೊಳ್ಳುತ್ತದೆ, ಕೆರೆದಾಗ ಧೂಳೆದ್ದು ಮೂಗಿಗೂ ಹೋಗುತ್ತದೆ. ಬಾವಿಯ ಸುತ್ತಲಿನ ಹತ್ತು ಹೆಜ್ಜೆ ಜಾಗದಿಂದ ಆರಂಭಿಸಿ ಹೊರಕ್ಕೆ ಸಾಗುವುದು ಒಳ್ಳೆಯದು. ಅಂಗಳ ತೊಳೆದ ನೀರು ಎತ್ತ ಹರಿಯುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಅದು ಬಾವಿಯತ್ತ ಹರಿಯುವುದಾದರೆ ನಡುವೆ ಒಂದು ಸಣ್ಣ ಕಾಲುವೆ ತೋಡಿ ತಿರುಗಿಸಿದ ಮೇಲೆಯೇ ತೊಳೆಯುವ ಕೆಲಸಕ್ಕೆ ಇಳಿಯಬೇಕು.

ಅಡಿಕೆ ಬೆಳೆಯುವವರು ಒಂದು ವಸ್ತುವನ್ನು ಹುಡುಕಿಯೇ ಹುಡುಕಬೇಕು, ಅದು ಮೈಲುತುತ್ತದ ಚೀಲ. ಕೊಳೆ ರೋಗಕ್ಕೆ ಈ ತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗಾಲದಲ್ಲೇ. ಮೊದಲ ಸುತ್ತು ಮುಗಿದು ಎರಡನೆಯದಕ್ಕೆ ಕಾಯುವ ಹೊತ್ತಿಗೆ ಸರಿಯಾಗಿ ನೆರೆಯೂ ಬರುತ್ತದೆ. ಉಳಿದ ತುತ್ತ ಕೊಟ್ಟಿಗೆಯ ಮೂಲೆಯಲ್ಲೋ ಪಂಪಿನ ಕೋಣೆಯಲ್ಲೋ ಇರುತ್ತದೆ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟು, ನೀರಿನಲ್ಲಿ ಕ್ಷಣದಲ್ಲಿ ಕರಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಇದ್ದರೆ ಸರಿ, ಬೇರೆ ನೀರೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು, ಅದರಾಚೆ ಇಲ್ಲ. ಚೀಲ ನೀರುಪಾಲಾಗಿದ್ದರೆ, ನೀರಿಗೆ ಲೋಹದ ಕಹಿ ಬಂದಿದ್ದರೆ, ಆ ಬಾವಿಯ ನೀರನ್ನು ಪರೀಕ್ಷೆಯಾಗುವವರೆಗೆ ಕುಡಿಯಲೂ ಬಾರದು, ದನಕ್ಕೆ ಕೊಡಲೂ ಬಾರದು. ಕಳೆನಾಶಕ, ಕೀಟನಾಶಕದ ಡಬ್ಬಿಗಳಿಗೂ ಇದೇ ಮಾತು. ಸಿರ್ಸಿ, ಯಲ್ಲಾಪುರದ ತೋಟಗಳಿಂದ ತೇಲಿದ್ದು ಅಘನಾಶಿನಿ, ಗಂಗಾವಳಿಯ ದಾರಿ ಹಿಡಿದು ಕೆಳಗಿನವರ ಹಿತ್ತಿಲಿಗೂ ಬಂದೀತು. ಗುರುತು ಸಿಗದ ಡಬ್ಬಿ ಕಂಡರೆ ಮುಚ್ಚಳ ತೆಗೆದು ಮೂಸಿ ನೋಡುವ ಕುತೂಹಲ ಬೇಡ.

ಸಿಮೆಂಟ್ ಶೀಟಿನ ಮಾಡು ಮುರಿದಿದ್ದರೆ ಅದರೊಳಗೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಣಗಿದ ಶೀಟನ್ನು ಕುಟ್ಟಿ ಪುಡಿ ಮಾಡಿದರೆ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶಕ್ಕೆ ಹೋಗುತ್ತವೆ. ನೀರು ಚಿಮುಕಿಸಿ ಇಡಿ ತುಂಡುಗಳಾಗಿಯೇ ಎತ್ತಿಡಿ. ಪ್ಲಾಸ್ಟಿಕ್, ಬಲೆ, ಥರ್ಮೊಕೋಲನ್ನು ಸುಡಬೇಡಿ, ಚೀಲಕ್ಕೆ ತುಂಬಿ ಪಂಚಾಯಿತಿಯ ವಾಹನಕ್ಕೆ ಕೊಡಿ. ವಾಹನ ಬರುವುದು ತಡವಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಚೀಲದಲ್ಲಿ ಕಟ್ಟಿಟ್ಟರೆ ಕಾಯಬಹುದು. ಸತ್ತ ದನಕರು, ನಾಯಿ, ಕೋಳಿಗಳನ್ನು ಯಾವುದೇ ಬಾವಿಯಿಂದ ಕನಿಷ್ಠ 30 ಮೀಟರ್ ದೂರದ, ನೀರು ಉಕ್ಕದ ಎತ್ತರದ ನೆಲದಲ್ಲಿ ಆಳವಾಗಿ ಹೂಳಿ ಸುಣ್ಣ ಹಾಕಬೇಕು. ಜಾನುವಾರಾದರೆ ಪಶುವೈದ್ಯರಿಗೆ ಮೊದಲು ತಿಳಿಸಿ, ಪರಿಹಾರಕ್ಕೂ ಆ ದಾಖಲೆ ಬೇಕಾಗುತ್ತದೆ.

ಈ ಕೆಲಸ ಮಾಡುವವರ ಕಾಲಿಗೆ ಗಂಬೂಟು ಬೇಕು. ಇಲಿ ಜ್ವರದ ರೋಗಾಣು ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ ಸೇರಿ, ಅಂಗಾಲಿನ ಬಿರುಕಿನ ಮೂಲಕ ನಮ್ಮೊಳಗೆ ಹೋಗುತ್ತದೆ. ರಾಡಿಯಲ್ಲಿ ಕೆಲಸ ಮಾಡಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ‘ಮಳೆಗಾಲದ ಜ್ವರ’ ಎಂದು ಗುಳಿಗೆ ನುಂಗಿ ಮಲಗದೆ ವೈದ್ಯರಿಗೆ ‘ನೆರೆ ನೀರಿನಲ್ಲಿ ಕೆಲಸ ಮಾಡಿದ್ದೆ’ ಎಂದು ಹೇಳಬೇಕು. ಮುಂಜಾಗ್ರತೆಯ ಮಾತ್ರೆ ಬೇಕೇ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಬಾವಿ ಬತ್ತಿಸುವ ಆತುರ

ಅಂಗಳ ಒಂದು ಹದಕ್ಕೆ ಬಂದ ಮೇಲೆ ಬಾವಿ. ತೇಲುವ ಸೋಗೆ, ಎಲೆ, ಕಸವನ್ನು ಬಲೆಯಿಂದಲೋ ಬುಟ್ಟಿಯಿಂದಲೋ ತೆಗೆದು ಒಂದೆರಡು ದಿನ ಬಿಟ್ಟರೆ ಹೂಳು ತಳಕ್ಕೆ ಕೂರುತ್ತದೆ. ಆಮೇಲೆ ಪಂಪ್ ಇಟ್ಟು ಪೂರ್ತಿ ಖಾಲಿ ಮಾಡಿಬಿಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅಲ್ಲೇ ತಡೆಯಬೇಕು.

ಬಾವಿಯ ಸುತ್ತಲ ನೆಲ ನೀರು ಕುಡಿದು ಉಬ್ಬಿದೆ. ಆ ನೆಲ ಬಾವಿಯ ಗೋಡೆಯನ್ನು ಒಳಕ್ಕೆ ಒತ್ತುತ್ತಿರುತ್ತದೆ. ಬಾವಿಯೊಳಗಿನ ನೀರು ಅದನ್ನು ಹೊರಕ್ಕೆ ಒತ್ತಿ ಸಮತೋಲ ಕಾಯುತ್ತಿರುತ್ತದೆ. ಒಳಗಿನ ನೀರನ್ನು ಒಮ್ಮೆಲೇ ಎತ್ತಿಬಿಟ್ಟರೆ ಗಾರೆಯಿಲ್ಲದೆ ಕಟ್ಟಿದ ಕಲ್ಲು, ಸಡಿಲಾದ ಸಿಮೆಂಟ್ ರಿಂಗು ಒಳಕ್ಕೆ ಕುಸಿಯುತ್ತವೆ. ಆದ್ದರಿಂದ ಸುತ್ತಲಿನ ನೀರು ಇಳಿಯುವವರೆಗೆ ಕಾದು, ಸ್ವಲ್ಪ ಸ್ವಲ್ಪವಾಗಿ, ಗೋಡೆ ಬಿರುಕು ಬಿಡುತ್ತಿದೆಯೇ ಎಂದು ನೋಡುತ್ತ ಎತ್ತಬೇಕು. ನಡು ಮಳೆಗಾಲದಲ್ಲಿ ಒರತೆಯ ರಭಸಕ್ಕೆ ಬಾವಿ ಪೂರ್ತಿ ಬತ್ತುವುದೂ ಇಲ್ಲ. ಒಂದು ಮಟ್ಟಕ್ಕೆ ಬಗ್ಗಡ ಹೊರಹಾಕಿ, ನೀರಿನ ಮೇಲೆ ಕಾಣುವ ಗೋಡೆಯನ್ನು ತಿಕ್ಕಿ ತೊಳೆದರೆ ಸದ್ಯಕ್ಕೆ ಸಾಕು. ತಳದ ಹೂಳು ತೆಗೆಯುವ ಕೆಲಸ ಬೇಸಿಗೆಗೆ ಇರಲಿ.

ಕಡಲತೀರ ಮತ್ತು ಅಳಿವೆಯ ಬಾವಿಗಳಿಗೆ ಇನ್ನೊಂದು ಕಾರಣವಿದೆ. ತೀರದ ಮರಳಿನ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ, ಏಕೆಂದರೆ ಉಪ್ಪುನೀರು ಸ್ವಲ್ಪ ಭಾರ. ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ. ಈ ಲೆಕ್ಕ ಉಲ್ಟಾ ಕೂಡ ಅಷ್ಟೇ ನಿಜ. ಮೇಲಿನ ಮಟ್ಟವನ್ನು ಒಂದಿಷ್ಟು ಇಳಿಸಿದರೆ ಕೆಳಗಿನ ಉಪ್ಪುನೀರು ಅದರ ಹಲವು ಪಟ್ಟು ಮೇಲೇರಲು ಹವಣಿಸುತ್ತದೆ, ಅದೂ ಪಂಪಿನ ಬಾಯಿಯ ನೇರ ಕೆಳಗೇ. 2004ರ ಸುನಾಮಿಯ ನಂತರ ಶ್ರೀಲಂಕಾದ ಪೂರ್ವ ತೀರದಲ್ಲಿ ಉಪ್ಪಾದ ಬಾವಿಗಳನ್ನು ಮತ್ತೆ ಮತ್ತೆ ಪಂಪ್ ಮಾಡಿದಾಗ ಉಪ್ಪು ನೀಗಲಿಲ್ಲ, ಕೆಲವು ಕಡೆ ಹೆಚ್ಚಾಯಿತು. ಹಾಗಾಗಿ ಉಪ್ಪುನೀರು ನುಗ್ಗಿದ ಬಾವಿಯನ್ನು ಒಂದೆರಡು ಸಲ ಹಗುರವಾಗಿ ತೆಗೆದು ಸುಮ್ಮನಿರುವುದೇ ಜಾಣತನ. ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಕರಾವಳಿಗೆ ಆ ಭಾಗ್ಯವಾದರೂ ಇದೆ.

ಬಾವಿಗೆ ಇಳಿಯುವ ಮಾತು ಬಂದರೆ: ನೆರೆ ನೀರಿನ ಹೊಲಸು ಕೊಳೆತ ಬಾವಿಯ ತಳದಲ್ಲಿ ಆಮ್ಲಜನಕ ತೀರಿ ವಿಷಾನಿಲ ತುಂಬಿರಬಹುದು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಉಸಿರಾಡುವ ಗಾಳಿ ಕಡಿಮೆಯೆಂಬುದನ್ನು ತಿಳಿಸಬಹುದು, ವಿಷಾನಿಲವಿದೆಯೋ ಇಲ್ಲವೋ ಎಂಬುದನ್ನು ತಿಳಿಸುವುದಿಲ್ಲ. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವುದಂತೂ ಸಾವನ್ನು ಕರೆದಂತೆ. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಒಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಹೋಗುವುದು ಹೀಗೆಯೇ. ಇಳಿಯುವ ಕೆಲಸ ಬಾವಿ ಕೆಲಸದವರದು, ಸೊಂಟಕ್ಕೆ ಹಗ್ಗ, ಮೇಲೆ ಹಿಡಿಯಲು ಜನ, ಒಳಗೆ ಗಾಳಿಯಾಡಿಸುವ ವ್ಯವಸ್ಥೆ ಇದ್ದರೆ ಮಾತ್ರ.

ಈಗ ಪುಡಿ

ಬಗ್ಗಡದಲ್ಲಿ ಕ್ಲೋರಿನ್ ಏಕೆ ಸೋಲುತ್ತದೆ? ಅದು ಸಿಕ್ಕಿದ್ದರ ಜೊತೆಗೆಲ್ಲ ಪ್ರತಿಕ್ರಿಯಿಸುವ ವಸ್ತು. ಕೊಳೆತ ಎಲೆ, ಸಗಣಿ, ಕಬ್ಬಿಣದ ಅಂಶ ಎಲ್ಲವೂ ಅದನ್ನು ತಿಂದುಹಾಕುತ್ತವೆ. ಮಣ್ಣಿನ ಕಣದ ಒಳಗೆ ಅಡಗಿದ ರೋಗಾಣುವಿಗೆ ತಾಗುವ ಮೊದಲೇ ಅದು ಖರ್ಚಾಗಿರುತ್ತದೆ. ಆದ್ದರಿಂದ ನೀರು ತಿಳಿಯಾದ ಮೇಲೆಯೇ ಅಳತೆಯ ಪ್ರಶ್ನೆ.

ಅಳತೆ ಹೀಗೆ. ಬಾವಿಯ ಅಡ್ಡಗಲವನ್ನು ಅಡಿಯಲ್ಲಿ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದಷ್ಟು ಉದ್ದ ನೋಡಿದರೆ ನೀರಿನ ಆಳ ಸಿಗುತ್ತದೆ. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಕೊನೆಗೆ 22ರಿಂದ ಗುಣಿಸಿದರೆ ನೀರು ಸುಮಾರು ಎಷ್ಟು ಲೀಟರ್ ಎಂದು ಬರುತ್ತದೆ. ಎಂಟು ಅಡಿ ಅಗಲದ ಬಾವಿಯಲ್ಲಿ ಹತ್ತು ಅಡಿ ನೀರಿದ್ದರೆ 14,000 ಲೀಟರ್. ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ನೆರೆಯ ನಂತರ ಅದರ ಇಮ್ಮಡಿ, ಅಂದರೆ 5 ಗ್ರಾಂನಿಂದ ಆರಂಭಿಸಬೇಕು. ಈ ಬಾವಿಗೆ 70 ಗ್ರಾಂ. ಕೈಯಂದಾಜು ಬಿಟ್ಟು ಕಿರಾಣಿ ಅಂಗಡಿಯಲ್ಲಿ ತೂಗಿಸಿಕೊಳ್ಳಿ.

ಒಳ್ಳೆಯ ಪುಡಿ ಎಂದೆ. ಹೊಸ ಪುಡಿಯಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲದಲ್ಲಿ, ಅದೂ ನಮ್ಮ ಕಡೆಯ ಮಳೆಗಾಲದ ಥಂಡಿಯಲ್ಲಿ, ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಡ್ಡೆ ಕಟ್ಟಿದ, ಘಾಟಿಲ್ಲದ ಪುಡಿ ಬಹುಮಟ್ಟಿಗೆ ಬರೀ ಸುಣ್ಣ.

ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪುಡಿಗೆ ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಸಿದುಕೊಂಡು, ಅದನ್ನು ಹಗ್ಗದಲ್ಲಿ ಇಳಿಸಿ ನೀರಿನೊಳಗೆ ಮುಳುಗಿಸಿ, ಮೇಲೆ ಕೆಳಗೆ ಆಚೆ ಈಚೆ ಜಗ್ಗಾಡಿ ಬೆರೆಸಬೇಕು. ಬಕೆಟ್‌ನ ತಳದ ಸುಣ್ಣ ಬಾವಿಗೆ ಹೋಗಬಾರದು. ಅದರಿಂದ ನೀರು ಗಡುಸಾಗುವುದು ಬಿಟ್ಟರೆ ಬೇರೇನೂ ಲಾಭವಿಲ್ಲ. ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಶೌಚಾಲಯ ತೊಳೆಯುವ ಆಸಿಡ್ ಇದ್ದ ಬಕೆಟ್‌ ಬಳಸಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಬಾವಿಯ ಗೋಡೆ, ಕಟ್ಟೆ, ಹಗ್ಗ, ಕೊಡ ತಿಕ್ಕಲು ಬೇರೆ ದ್ರಾವಣ ಮಾಡಿಕೊಳ್ಳಿ, ಹತ್ತು ಲೀಟರಿಗೆ 60 ಗ್ರಾಂ.

ಪುಡಿ ಬೆರೆಸಿ ಒಂದು ಗಂಟೆಯ ನಂತರ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಮಾತ್ರ ಕೆಲಸವಾಯಿತು ಎಂದರ್ಥ. ಎಷ್ಟು ಹಾಕಿದೆವು ಎಂಬುದಕ್ಕಿಂತ ಎಷ್ಟು ಉಳಿಯಿತು ಎಂಬುದೇ ಇಲ್ಲಿ ಮುಖ್ಯ. ಉಳಿದ ಕ್ಲೋರಿನ್ ನೋಡುವ ಸಣ್ಣ ಕಿಟ್ ಆರೋಗ್ಯ ಕಾರ್ಯಕರ್ತರ ಬಳಿ ಇರುತ್ತದೆ, ಎರಡು ಹನಿ ಹಾಕಿ ಬಣ್ಣ ಹೋಲಿಸಿದರೆ ಮುಗಿಯಿತು. ಏನೂ ಉಳಿದಿರದಿದ್ದರೆ ಇನ್ನೊಂದು ಸಲ ಹಾಕಬೇಕು. ಪಂಪ್ ಮತ್ತು ಮೇಲಿನ ಟ್ಯಾಂಕಿ ಇದ್ದವರು ಈ ನೀರನ್ನೇ ಟ್ಯಾಂಕಿಗೆ ಹತ್ತಿಸಿ ಎಲ್ಲ ನಲ್ಲಿಗಳಲ್ಲಿ ವಾಸನೆ ಬರುವವರೆಗೆ ಬಿಟ್ಟು, ಒಂದು ರಾತ್ರಿ ಕೊಳವೆಯಲ್ಲೇ ನಿಲ್ಲಿಸಬೇಕು. ಬೋರ್‌ವೆಲ್ಲಿನ ಬಾಯಿ ಮುಳುಗಿದ್ದರೆ ಅದನ್ನೂ ಕೆಟ್ಟ ಬಾವಿಯ ಲೆಕ್ಕಕ್ಕೆ ಸೇರಿಸಿ.

ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ನೀರನ್ನು ನೇರಳೆ ಮಾಡುವ ಹಳೆಯ ಅಭ್ಯಾಸ ಇನ್ನೂ ಕೆಲವೆಡೆ ಇದೆ. ನೋಡಲು ಔಷಧಿಯಂತೆ ಕಾಣುತ್ತದೆ, ಬಾವಿಯ ಕ್ರಿಮಿಗಳ ವಿಷಯದಲ್ಲಿ ಅದನ್ನು ನಂಬುವಂತಿಲ್ಲ.

ಪುಡಿ ಮಾಡಲಾಗದ್ದು, ಪರೀಕ್ಷೆ ಹೇಳುವುದು

ಉಪ್ಪು, ಡೀಸೆಲ್, ತಾಮ್ರ, ಕೀಟನಾಶಕ ಇವುಗಳ ಮುಂದೆ ಕ್ಲೋರಿನ್ ಏನೂ ಮಾಡಲಾರದು. ಕುದಿಸುವುದೂ ಅಷ್ಟೇ, ಉಪ್ಪುನೀರನ್ನು ಕುದಿಸಿದರೆ ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಂಡರೆ ಎಣ್ಣೆ ಬಿದ್ದಿದೆ. ಹಳೆಯ ಹತ್ತಿಬಟ್ಟೆ ಹಾಸಿ ಪದರವನ್ನು ಹೀರಿಸಿ ತೆಗೆದು, ಪರೀಕ್ಷೆಯಾಗುವವರೆಗೂ ಆ ನೀರನ್ನು ಬಿಟ್ಟುಬಿಡಬೇಕು.

ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳ ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಟ್ಟು, ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಒದಗಿಸಲಾಗಿದೆ. ಕ್ಲೋರೈಡ್ (ಉಪ್ಪಿನ ಅಂಶ), ಬಗ್ಗಡ, ನೈಟ್ರೇಟ್ ಮುಂತಾದವು ಅದರಲ್ಲೇ ಗೊತ್ತಾಗುತ್ತವೆ. ಕಿಟ್ ಅಲಮಾರಿನಲ್ಲಿ ಧೂಳು ತಿನ್ನುತ್ತಿದ್ದರೆ ಕೇಳಿ ತೆಗೆಸಿ, ಅದು ನಿಮ್ಮ ಹಕ್ಕು. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, ಗತ್ಯಂತರವಿಲ್ಲದಾಗಿನ ಮಿತಿ 1000. ಮಲದ ಸೋಂಕು ನೋಡಲು ಹೈಡ್ರೋಜನ್ ಸಲ್ಫೈಡ್ ಸೀಸೆಯಿದೆ. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರು ಅನುಮಾನಾಸ್ಪದ. ಪುಡಿ ಹಾಕಿದ ಕೂಡಲೇ ಈ ಪರೀಕ್ಷೆ ಮಾಡಿದರೆ ಉಳಿದ ಕ್ಲೋರಿನ್ ಫಲಿತಾಂಶವನ್ನೇ ಮರೆಮಾಚುತ್ತದೆ. ಕೆಲವು ದಿನ ಬಿಟ್ಟು, ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ಮಾಡಿಸಿ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದ ಸೋಂಕನ್ನು ತೋರಿಸುವ ಇ-ಕೋಲೈ ಬ್ಯಾಕ್ಟೀರಿಯಾ ಒಂದೂ ಇರಬಾರದೆಂಬುದು ನಿಯಮ. ಬೆಂಚಿನ ಮೇಲೆ ಬಾಡಿದ ಮಾದರಿಗೆ ಅರ್ಥವಿಲ್ಲ. ಪ್ರಯೋಗಾಲಯದವರು ಕೊಟ್ಟ ಶುದ್ಧ ಸೀಸೆಯಲ್ಲೇ ತುಂಬಿ, ಮಂಜುಗಡ್ಡೆಯ ಜೊತೆ ಅದೇ ದಿನ ತಲುಪಿಸಬೇಕು.

ಅಲ್ಲಿಯವರೆಗೆ ಕುಡಿಯುವುದೇನು? ನೀರು ಬಗ್ಗಡವಿದ್ದರೆ ದಪ್ಪ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿ ಬಂದ ಮೇಲೆ ಒಂದೆರಡು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಡಿ. ಸೌದೆಯೆಲ್ಲ ಒದ್ದೆಯಾಗಿ ಗ್ಯಾಸೂ ಇಲ್ಲದ ಮನೆಯಲ್ಲಿ ಕ್ಲೋರಿನ್ ಗುಳಿಗೆಯೇ ಗತಿ, ಅದರ ಪೊಟ್ಟಣದ ಮೇಲೆ ಎಷ್ಟು ಲೀಟರಿಗೆ ಒಂದು ಎಂದು ಬರೆದಿರುತ್ತದೆ. ಎಲ್ಲಕ್ಕಿಂತ ಸುಲಭದ್ದು ಸೂರಿನಿಂದ ಸುರಿಯುತ್ತಲೇ ಇರುತ್ತದೆ. ಮಾಡು ತೊಳೆದುಹೋಗುವಷ್ಟು ಮಳೆ ಬಿದ್ದ ಮೇಲೆ ಬಟ್ಟೆ ಕಟ್ಟಿದ ಪಾತ್ರೆಯಲ್ಲಿ ಹಿಡಿದ ಮಳೆನೀರನ್ನು ಕುದಿಸಿ ಕುಡಿದರೆ, ನೆರೆ ಹೊಕ್ಕ ಬಾವಿಯ ನೀರಿಗಿಂತ ಎಷ್ಟೋ ವಾಸಿ. ಸಿಮೆಂಟ್ ಶೀಟಿನ ಮಾಡಿನ ನೀರು ಮಾತ್ರ ಬೇಡ. ಹಸುಗೂಸಿನ ಹಾಲಿಗೆ ಬಳಸುವ ನೀರು, ಬಾಟಲಿ ತೊಳೆಯುವ ನೀರು, ಹಲ್ಲುಜ್ಜುವ ನೀರು ಎಲ್ಲಕ್ಕೂ ಇದೇ ನಿಯಮ.

ಒಮ್ಮೆ ಸರಿಬಂದ ಪರೀಕ್ಷೆಯನ್ನು ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಗುಂಡಿಗಳ ಹೊಲಸು ನೆಲದೊಳಗೆ ಇನ್ನೂ ಚಲಿಸುತ್ತಿರುತ್ತದೆ. ಅಳಿವೆಯ ಬದಿಯ ಬಾವಿಗಳಿಗಂತೂ ಮೂರನೆಯ ಪರೀಕ್ಷೆ ಮುಂದಿನ ಮಾರ್ಚ್, ಏಪ್ರಿಲ್‌ನಲ್ಲಿ. ಮಳೆನೀರು ಕೆಳಗೆ ತಳ್ಳಿಟ್ಟ ಉಪ್ಪು ಅಂತರ್ಜಲ ಇಳಿದಾಗ ಮತ್ತೆ ಮೇಲೆ ಬರುವುದಿದೆ. ಆ ಹೊತ್ತಿಗೆ ಬಾವಿಯ ತಳವೂ ಕೈಗೆ ಸಿಗುತ್ತದೆ, ಹೂಳು ತೆಗೆಸಿ, ಕಳೆದ ನೆರೆಯ ಗುರುತಿಗಿಂತ ಎರಡು ಅಡಿ ಮೇಲಕ್ಕೆ ಕಟ್ಟೆ ಏರಿಸಿ, ಅದರ ಸುತ್ತ ನೀರು ಹೊರಕ್ಕೆ ಹರಿಯುವಂತೆ ಇಳಿಜಾರಿನ ಸಿಮೆಂಟ್ ಹಾಸು ಹಾಕಿಸಲು ಅದೇ ಸರಿಯಾದ ಸಮಯ.